ಕೆಂಪು ಮುಚ್ಚಳ

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹಂದಿ ಲಸಿಕೆ ಕೇಂದ್ರದ ಡಾಕ್ಟರ್ ಉಯೆನ್ ಠಾಣೆಯ ಮೆಟ್ಟಿಲು ಹತ್ತಿದರು. ಕಾಲಲ್ಲಿ ಹಂದಿಮನೆಯ ರಬ್ಬರ್ ಬೂಟು ಹಾಗೆಯೇ ಇತ್ತು. ಆ ಬೂಟು ಕೇಂದ್ರದ ಬೇಲಿ ದಾಟಬಾರದೆಂದು ಊರಿಗೆಲ್ಲ ಹೇಳಿಕೊಟ್ಟವರು ಅವರೇ. ಇನ್ಸ್‌ಪೆಕ್ಟರ್ ಖಿಯೆಮ್ ಚಹಾದ ಬಟ್ಟಲು ಮುಂದೆ ಸರಿಸಿದ. ಅವರು ಮುಟ್ಟಲಿಲ್ಲ.

"ಲಸಿಕೆ ಕಳುವಾಯ್ತಾ ಅಕ್ಕ?"

"ಲಸಿಕೆ ಅಲ್ಲಪ್ಪ. ಅದು ಹಸಿರು ಮುಚ್ಚಳದ್ದು, ಎಲ್ಲಾ ಇದೆ. ಹೋಗಿರೋದು ಕೆಂಪು ಮುಚ್ಚಳದ ನಾಲ್ಕು ಸೀಸೆ."

"ಅದರಲ್ಲೇನಿತ್ತು?"

"ರೋಗ."

ಖಿಯೆಮ್‌ನ ಕೈ ಬರೆಯುವುದನ್ನು ನಿಲ್ಲಿಸಿತು. ಕೆಂಪು ನದಿಯ ಏರಿಯ ಪಕ್ಕದ ಆ ಕೇಂದ್ರದಲ್ಲಿ ಹಂದಿಜ್ವರಕ್ಕೆ ಲಸಿಕೆ ತಯಾರಾಗುತ್ತಿತ್ತು. ಮೊದಲು ಹಂದಿಗೆ ಲಸಿಕೆ, ಕೆಲವು ವಾರ ಬಿಟ್ಟು ಜೀವಂತ ವೈರಸ್. ಅದನ್ನು ತಡೆದುಕೊಂಡು ನಿಂತ ಹಂದಿಯೇ ಲಸಿಕೆಗೆ ಸಾಕ್ಷಿ. ಎರಡನೆಯ ಹಂತಕ್ಕೆಂದು ಆ ಬೆಳಿಗ್ಗೆ ಶೀತಪೆಟ್ಟಿಗೆ ತೆರೆದಾಗ ಸೀಸೆಗಳಿರಲಿಲ್ಲ. ಒಂದೂವರೆ ವಾರದಿಂದ ಅದನ್ನು ಯಾರೂ ತೆರೆದಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಹತ್ತು ಗಂಟೆಗೆ ಸ್ಥಳದ ಪಂಚನಾಮೆ. ಬೀಗ ಒಡೆದಿರಲಿಲ್ಲ. ಉಳಿದ ಸೀಸೆಗಳ ಮೇಲೆ ಅಂಕಿ ಬಿಟ್ಟರೆ ಬೇರೆ ಬರಹವಿಲ್ಲ. ಎರಡನೆಯ ಬೀಗದ ಕೈ ಕಾವಲುಗಾರ ದೊವಾನ್‌ನದು. ಊರಲ್ಲಿ ಹಂದಿಗಳಿಗೆ ಹುಷಾರಿಲ್ಲವೆಂದು ಶನಿವಾರವೇ ರಜೆ ಹಾಕಿ ಹೋಗಿದ್ದ.

"ಲಸಿಕೆ ಅಂತ ಮಾರ್ಕೊಂಡಿರ್ತಾನೆ, ಕಳ್ಳ," ಎಂದಳು ಕಾನ್‌ಸ್ಟೆಬಲ್ ಥೊವಾ, ಜೀಪು ಓಡಿಸುತ್ತಾ.

ದೊವಾನ್‌ನ ಹಳ್ಳಿ ಡೊಂಗ್ ಸೆನ್. ಮೊದಲ ಮನೆಯ ಹಂದಿಗೂಡಿನಲ್ಲಿ ಮೂರು ಸತ್ತು ಬಿದ್ದಿದ್ದವು. ಕಿವಿಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಬಲಗಿವಿಯ ಹಿಂದೆ ಸೂಜಿಯ ಗುರುತು. ಎರಡನೆಯ ಮನೆಯಲ್ಲೂ ಹಾಗೆಯೇ, ಮೂರನೆಯದರಲ್ಲೂ. ಥೊವಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

"ಸೂಜಿ ಯಾರು ಹಾಕಿದ್ದು?" ಎಂದ ಖಿಯೆಮ್.

"ಯಾರೂ ಇಲ್ಲ ಸಾಹೇಬ್ರೆ," ಎಂದ ಮನೆಯವನು. "ಸೊಳ್ಳೆ ಕಚ್ಚಿರ್ಬೇಕು."

"ಊರಿನ ಸೊಳ್ಳೆಗಳೆಲ್ಲಾ ಬಲಗಿವಿ ಹಿಂದೇನೇ ಕಚ್ಚೋದಾ?" ಥೊವಾ ಗದರಿದಳು.

ಪಕ್ಕದ ಜಗುಲಿಯಿಂದ ಎಲೆ ಅಡಿಕೆ ಜಗಿಯುತ್ತಿದ್ದ ನ್ಹಾನ್ ಅಜ್ಜಿ ಕೂಗಿದಳು: "ಆ ಸುಳ್ಳುಬುರುಕನನ್ನ ಕೇಳ್ತಾ ಕೂತ್ರೆ ಸಂಜೆ ಆಗುತ್ತೆ ಮಗಾ! ಹಾಕಿದ್ದು ನಮ್ಮ ದೊವಾನ. ಹೋದ ವಾರ ಮನೆಮನೆಗೂ ಪುಕ್ಕಟೆ ಹಾಕ್ದ. ಚಾ ಕೊಟ್ರೆ ಅದನ್ನೂ ಕುಡೀಲಿಲ್ಲ, ಊರಿನ ಹಂದಿ ಉಳೀಲಿ ಅಜ್ಜಿ, ಆಮೇಲೆ ಕುಡೀತೀನಿ ಅಂದ."

"ನಿಮ್ಮ ಹಂದಿ?"

"ಬೆಳಿಗ್ಗೆ ಹೋಯ್ತು. ಏರಿ ಕೆಳಗೆ ಹೂಳೋಕೆ ಅವನೇ ಹೊತ್ಕೊಂಡು ಹೋದ. ಮದ್ದು ಹಾಕೋದು ತಡವಾಯ್ತು ಅಜ್ಜಿ ಅಂತ ಅಳ್ತಿದ್ದ ಕಣೋ."

ಖಿಯೆಮ್ ಏರಿಯ ಕಡೆ ಹೊರಟ. ತಾನು ಹಾಕಿದ್ದು ಏನೆಂದು ದೊವಾನ್‌ಗೆ ಇನ್ನೂ ಗೊತ್ತಿಲ್ಲ.

ಏರಿಯ ಕೆಳಗೆ ಊರಿನವರು ಗುಂಡಿ ತೋಡುತ್ತಿದ್ದರು. ಅಂಚಿನಲ್ಲಿ ಯಾರೋ ಊದುಬತ್ತಿ ಹಚ್ಚಿಟ್ಟಿದ್ದರು. ಮೊಣಕೈವರೆಗೆ ಸುಣ್ಣವಾಗಿದ್ದ ದೊವಾನ್ ಪೊಲೀಸರನ್ನು ಕಂಡು ಸಲಿಕೆ ಊರಿ ನಿಂತ.

"ಕದ್ದದ್ದು ನಾನೇ ಅಣ್ಣ. ಈ ಗುಂಡಿ ಮುಚ್ಚಿ ಬರ್ತೀನಿ."

"ಯಾಕೆ ಕದ್ದೆ?"

"ಹಿಂದಿನ ರೋಗದ ವರ್ಷ ನಾನು ಹೂಳೋ ತಂಡದಲ್ಲಿದ್ದೆ. ಜೀವ ಇದ್ದವನ್ನೂ ಹೂತ್ವಿ. ಸುಣ್ಣದ ಕೆಳಗಿಂದ ಕೂಗ್ತಿದ್ವು. ಈ ಸಲ ನಮ್ಮೂರಿಗೆ ಅದು ಬರೋದೇ ಬೇಡ ಅನ್ನಿಸ್ತು."

"ಕೆಂಪೇ ಯಾಕೆ ತಗೊಂಡೆ?"

ಇದೆಂಥ ಪ್ರಶ್ನೆ ಎಂಬಂತೆ ದೊವಾನ್ ನೋಡಿದ. "ಹೊಸ ವರ್ಷಕ್ಕೆ ಕೆಂಪು, ಮದುವೆಗೆ ಕೆಂಪು. ಒಳ್ಳೇದನ್ನ ಇನ್ಯಾವ ಬಣ್ಣದಲ್ಲಿ ಇಡ್ತಾರೆ ಅಣ್ಣ?"

ಖಿಯೆಮ್ ಹತ್ತಿರ ಹೋಗಿ, ಉಳಿದವರಿಗೆ ಕೇಳದಂತೆ ಹೇಳಿದ. ಎರಡೇ ಮಾತು.

ಸಲಿಕೆ ಗುಂಡಿಗೆ ಬಿತ್ತು. ದೊವಾನ್ ತನ್ನ ಸುಣ್ಣದ ಕೈಗಳನ್ನು ನೋಡಿಕೊಂಡ.

"ಹಸಿರು ಮುಚ್ಚಳದ್ದು ಮುಂದೇನೇ ಇತ್ತು," ಎಂದ. "ಅದನ್ನ ಸರಿಸಿ ಇದನ್ನ ತಗೊಂಡೆ."

ಮಧ್ಯಾಹ್ನ ಒಂದು ಗಂಟೆಗೆ ಬಂಧನ. ಥೊವಾ ಬೇಡಿ ಹೊರತೆಗೆಯುತ್ತಿದ್ದಂತೆ ಊರಿನವರು ಸುತ್ತ ನೆರೆದರು. "ಪುಣ್ಯಾತ್ಮನ್ನ ಬಿಟ್ಬಿಡಿ ಸಾಹೇಬ್ರೆ, ನಮಗೋಸ್ಕರ ಕದ್ದಿದ್ದು," ಎಂದು ಸೊಳ್ಳೆಯ ಕತೆ ಕಟ್ಟಿದವನೇ ಕೈಮುಗಿದ. ಖಿಯೆಮ್ ಜೀಪಿನ ಬಾಗಿಲು ತೆರೆದ.

ನ್ಹಾನ್ ಅಜ್ಜಿ ಜನರನ್ನು ಸರಿಸಿಕೊಂಡು ಬಂದಳು. ಎರಡೂ ಕೈಯಲ್ಲಿ ಒಂದು ಬಟ್ಟಲು ಚಹಾ.

"ಆವತ್ತು ಕುಡೀಲಿಲ್ಲ. ಈಗಲಾದ್ರೂ ಕುಡ್ಕೊಂಡು ಹೋಗೋ ನನ್ನಪ್ಪಾ."

ದೊವಾನ್ ತಲೆ ಎತ್ತಲಿಲ್ಲ.