ಪರೀಕ್ಷೆಯಾಗದ ನಳಿಗೆ

ವರದಿಯಲ್ಲಿ ಅವಳ ಬಗ್ಗೆ ಇದ್ದದ್ದು ಒಂದೇ ಸಾಲು: ‘ಒರೆಸುವ ಬಟ್ಟೆಯನ್ನು ನಳಿಗೆಯೊಳಗೇ ಮರೆತು ಗುಂಡು ಹಾರಿಸಿದ್ದರಿಂದ ಬಂದೂಕು ಸಿಡಿದು ಮೃತಪಟ್ಟಿರುತ್ತಾರೆ.’ ಕೆಳಗೆ ಪರೀಕ್ಷೆಯ ಮೇಸ್ತ್ರಿಯ ಸಹಿ. ಸತ್ತವಳು ಒಂಟಿಗಣ್ಣನ ಮಗಳು. ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಸಿದ್ಧವಾದ ಬಂದೂಕುಗಳನ್ನು ಹೆಗಲಿಗೇರಿಸಿ ಗುರಿ ನೋಡುವುದು ಅವಳ ಕೆಲಸವಾಗಿತ್ತು. ಆದರೆ ಬಟ್ಟೆ ಅವಳ ಸೊಂಟದಲ್ಲೇ ಸಿಕ್ಕಿಕೊಂಡಿತ್ತು. ಹೆಣ ಮನೆಗೆ ಬಂದಾಗ ಅದನ್ನು ಎಳೆದು ತೆಗೆದವಳು ತಾಯಿ. ತೊಳೆದು ಮಡಿಸಿ ಇಟ್ಟಿದ್ದಾಳೆ. ಆದರೂ ನಾಲ್ಕು ವರ್ಷದಿಂದ ನಲ್ಲಿಯ ಹತ್ತಿರ ಹೆಂಗಸರು, “ಪಾಪ, ಬಟ್ಟೆ ಮರೆತಳಂತೆ” ಅನ್ನುವುದು ನಿಂತಿಲ್ಲ. ಮಗಳು ಸತ್ತದ್ದು ಒಂದು ಸಂಕಟ, ಮರೆಗುಳಿ ಎನಿಸಿಕೊಂಡು ಸತ್ತದ್ದು ಇನ್ನೊಂದು. ಎರಡನೆಯದನ್ನು ಒಂಟಿಗಣ್ಣನಿಗೆ ನುಂಗಲು ಆಗಲೇ ಇಲ್ಲ.

ಒಂಟಿಗಣ್ಣ ಎನ್ನುವುದು ಕಾರ್ಖಾನೆಯವರು ಇಟ್ಟ ಹೆಸರು. ಎರಡೂ ಕಣ್ಣು ನೆಟ್ಟಗಿವೆ. ನಳಿಗೆ ನೇರ ಮಾಡುವವನು ದಿನವಿಡೀ ಒಂದು ಕಣ್ಣು ಮುಚ್ಚಿಯೇ ಬದುಕಬೇಕು. ಕಿಟಕಿಯ ಅಡ್ಡಪಟ್ಟಿಯ ನೆರಳು ನಳಿಗೆಯೊಳಗೆ ಗೆರೆಯಾಗಿ ಬೀಳುತ್ತದೆ. ಗೆರೆ ಬಾಗಿದರೆ ನಳಿಗೆ ಸೊಟ್ಟ, ಗೆರೆ ಎಲ್ಲಾದರೂ ತುಸು ನಡುಗಿದರೆ ಉಕ್ಕಿನೊಳಗೆ ಬಿರುಕು. ಆ ಊರು ಬಂದೂಕು ಮಾಡಲು ಹಿಡಿದು ನೂರೈವತ್ತು ವರ್ಷ. ಮೊದಲು ಹೊಳೆಯ ನೀರು ಸುತ್ತಿಗೆ ಎತ್ತುತ್ತಿತ್ತು, ಆಮೇಲೆ ಆವಿ, ಈಗ ಕರೆಂಟು. ಹಿಡಿ ಕೆತ್ತುವವರ ಬೀದಿ, ಸ್ಪ್ರಿಂಗಿನವರ ಬೀದಿ ಎಂದು ಹೆಸರು ಮಾತ್ರ ಉಳಿದಿವೆ, ಕೆಲಸವೆಲ್ಲ ಯಂತ್ರದ ಪಾಲಾಗಿದೆ. ನೆರಳು ನೋಡುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ. ನಾಲ್ಕು ಕಿಟಕಿ, ನಾಲ್ಕು ಜನ. ನೋಡಿ ಮುಗಿಸಿದ ನಳಿಗೆಯ ಅಡಿಭಾಗಕ್ಕೆ ಪ್ರತಿಯೊಬ್ಬನೂ ತನ್ನ ಗುರುತು ಒತ್ತುತ್ತಾನೆ. ಮೇಲೆ ಮರದ ಹಿಡಿ ಕೂತರೆ ಅದು ಯಾರಿಗೂ ಕಾಣಿಸದು. ಅವನದು ಮುಚ್ಚಿದ ರೆಪ್ಪೆಯಂಥ ಪುಟ್ಟ ಕಮಾನು.

ಸಂಜೆ ಪಾಳಿ ಮುಗಿಸಿ ಮಗಳು ಅವನ ಕಿಟಕಿಯ ಹೊರಗೆ ಬಂದು ನಿಲ್ಲುತ್ತಿದ್ದಳು. “ಅಪ್ಪಾ, ಇನ್ನೊಂದು ಕಣ್ಣೂ ಮುಚ್ಚೋ ಹೊತ್ತಾಯ್ತು, ನಡಿ ಮನೆಗೆ!” ಬೆಳಕು ಆಗಲೇ ಇಳಿದಿರುತ್ತಿತ್ತು. ಅವನು ನಗುತ್ತಾ ಕಡೆಯ ನಳಿಗೆಗೆ ಗುರುತು ಒತ್ತಿ ಎದ್ದುಬಿಡುತ್ತಿದ್ದ. ಮುಂದೆ ಪರೀಕ್ಷೆಯ ಕೋಣೆ ಇದ್ದೇ ಇದೆಯಲ್ಲ.

ಆ ಕೋಣೆಯಲ್ಲಿ ನಳಿಗೆಯನ್ನು ಬೆಂಚಿಗೆ ಬಿಗಿದು, ಎರಡು ಪಟ್ಟು ಮದ್ದು ತುಂಬಿ, ಕಬ್ಬಿಣದ ಬಾಗಿಲ ಹೊರಗೆ ನಿಂತು ಹಗ್ಗ ಎಳೆಯುತ್ತಾರೆ. ಸಿಡಿಯುವಂಥದ್ದು ಅಲ್ಲೇ ಸಿಡಿಯಬೇಕು. ಉಳಿದದ್ದಕ್ಕೆ ಮೇಸ್ತ್ರಿ ಠಸ್ಸೆ ಒತ್ತುತ್ತಾನೆ. ಮಗಳು ಸತ್ತು ಮೂರು ತಿಂಗಳಿಗೆ, ಮದ್ದು ತುಂಬುವ ಮುದುಕ ಒಂಟಿಗಣ್ಣನ ಕೈಹಿಡಿದು ಅತ್ತಿದ್ದ. “ಆ ನಳಿಗೆಗೆ ನಾವು ಮದ್ದೇ ಹಾಕ್ಲಿಲ್ಲ ಕಣಪ್ಪಾ. ಮೇಸ್ತ್ರಿ ಸುಮ್ನೆ ಠಸ್ಸೆ ಒತ್ತಿ ಕಳಿಸ್ಬಿಟ್ಟ.” ಮುದುಕ ಅದೇ ವರ್ಷ ತೀರಿಕೊಂಡ. ಸಾಕ್ಷಿ ಮಣ್ಣು ಸೇರಿತು, ಸಿಟ್ಟು ಸೇರಲಿಲ್ಲ.

ಈಗ ಮೇಸ್ತ್ರಿಗೆ ನಿವೃತ್ತಿ. ಹೋಗುವವರಿಗೆ ಕಾರ್ಖಾನೆ ಒಂದು ಬಂದೂಕು ಮಾಡಿಕೊಡುತ್ತದೆ. ಅವರು ಎಲ್ಲರೆದುರು ಅಂಗಳದ ಮರಳುದಿಬ್ಬಕ್ಕೆ ಒಂದು ಗುಂಡು ಹಾರಿಸುತ್ತಾರೆ. ಅದರ ನಳಿಗೆಯನ್ನು ಒಂಟಿಗಣ್ಣ ತಾನೇ ಕೇಳಿ ಪಡೆದ. ಹಿಡಿಯ ಮರದಡಿ ಮರೆಯಾಗುವ ಕಡೆ, ಒಳಗಿನಿಂದ, ದಿನಕ್ಕಿಷ್ಟು ಎಂದು ಉಕ್ಕನ್ನು ತೆಳ್ಳಗೆ ಮಾಡಿದ. ಹೊಳಪು ಕೊಟ್ಟ. ಬೇರೆ ಯಾರ ಕಣ್ಣೂ ಅದನ್ನು ಹಿಡಿಯಲಾರದು. ತನ್ನ ಗುರುತನ್ನೂ ಬೇಕೆಂದೇ ಒತ್ತಿದ. ಇಲ್ಲದಿದ್ದರೆ ಅನುಮಾನ ಬರುತ್ತದೆ.

ಈ ಹಂಚಿಕೆಯಲ್ಲಿ ಅವನಿಗೆ ತುಂಬ ಹಿಡಿಸಿದ್ದು ಅದರ ನ್ಯಾಯ. ಮೇಸ್ತ್ರಿ ಒಂದೇ ಒಂದು ಸಲ ತನ್ನ ಕೆಲಸ ಮಾಡಿದರೆ ನಳಿಗೆ ಆ ಕೋಣೆಯಲ್ಲೇ ಸಿಡಿಯುತ್ತದೆ, ಯಾರಿಗೂ ಕೂದಲು ಕೊಂಕುವುದಿಲ್ಲ. ಮಾಡದಿದ್ದರೆ ಅವನ ಠಸ್ಸೆಯೇ ಅವನನ್ನು ಕೊಲ್ಲುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆಮೇಲೆ ವಿಚಾರಣೆ ನಡೆದರೆ ನಡೆಯಲಿ. ಬಟ್ಟೆ ಮರೆತಿದ್ದ ಎಂದು ಬರೆದರೂ ಬರೆದಾರು! ಹಾಗೆ ಎಣಿಸಿ ಅವನು ಎಷ್ಟೋ ದಿನದ ಮೇಲೆ ಒಬ್ಬನೇ ನಕ್ಕ.

ನಳಿಗೆ ಪರೀಕ್ಷೆಗೆ ಹೋದ ಬೆಳಿಗ್ಗೆ ಅವನು ಊಟದ ಗಂಟೆಯ ತನಕ ಕಿವಿಗೊಟ್ಟು ಕೂತ. ಕೋಣೆಯಿಂದ ಒಂದರ ಹಿಂದೊಂದು ಸದ್ದು ಬಂತು, ಸಿಡಿದ ಸದ್ದು ಮಾತ್ರ ಬರಲಿಲ್ಲ. ಮಧ್ಯಾಹ್ನ ನಳಿಗೆ ವಾಪಸು ಬಂತು. ಠಸ್ಸೆ ಬಿದ್ದಿತ್ತು. ಅಂದರೆ ಈ ಸಲವೂ ಹಾಕಿಲ್ಲ. ಹಾಕಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಅದನ್ನು ಅವನು ಅಲ್ಲಿಗೇ ಹಿಸುಕಿಹಾಕಿದ.

“ನಾಳೆ ನೀನೂ ಬಾ,” ಎಂದ ಮನೆಗೆ ಬಂದು.

ಹೆಂಡತಿ ತಲೆಯೆತ್ತಲಿಲ್ಲ. “ಆ ಅಂಗಳಕ್ಕಾ? ನಾನ್ಯಾಕೆ ಬರ್ಲಿ?”

“ಬಾ ಅಂದೆನಲ್ಲ.”

ಅವಳು ಬಂದಳು. ಮಡಿಸಿಟ್ಟ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ಮ್ಯಾನೇಜರು ನಾಲ್ಕು ಮಾತಾಡಿ ಬಂದೂಕನ್ನು ಮೇಸ್ತ್ರಿಯ ಕೈಗಿತ್ತರು. ಮೇಸ್ತ್ರಿ ದಿಬ್ಬದ ಕಡೆ ಹೋಗದೆ ನೇರ ಒಂಟಿಗಣ್ಣನ ಹತ್ತಿರ ಬಂದ. ಮೂವತ್ತು ವರ್ಷದ ಸದ್ದಿಗೆ ಅವನ ಕಿವಿ ಅರ್ಧ ಹೋಗಿತ್ತು. ಗುಟ್ಟನ್ನೂ ಗಟ್ಟಿಯಾಗೇ ಹೇಳುವವನು, ಇವತ್ತು ಮಾತ್ರ ಪಿಸುಗುಟ್ಟಿದ.

“ಅವತ್ತಿನ ನಳಿಗೆಗೆ ನಾನು ಮದ್ದು ಹಾಕಿರ್ಲಿಲ್ಲ. ತಪ್ಪು ನಂದೇ. ಬಟ್ಟೆ ಅಂತ ಬರೆದದ್ದು ಅರ್ಧ ನನ್ನ ಕೆಲಸ ಉಳಿಸಿಕೊಳ್ಳೋಕೆ, ಇನ್ನರ್ಧ ನಿನಗೋಸ್ಕರ. ನಿನ್ನ ಮುಖ ನೋಡಿದಾಗೆಲ್ಲ ಹೇಳ್ಬೇಕು ಅನ್ಸೋದು, ಆಗ್ತಿರ್ಲಿಲ್ಲ.” ಜೇಬಿನಿಂದ ಕಾಗದ ಸುತ್ತಿದ ಪುಟ್ಟ ಗಂಟೊಂದನ್ನು ತೆಗೆದು ಅವನ ಅಂಗೈಗಿಟ್ಟ. “ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೆ. ಯಾಕೆ ಹಾಕಿರ್ಲಿಲ್ಲ ಅಂತ ನೋಡಿದ್ರೆ ಗೊತ್ತಾಗತ್ತೆ. ಇವತ್ತಿನದಕ್ಕೂ ಅದಕ್ಕೇ ಹಾಕ್ಲಿಲ್ಲ.” ಹಾಗೆಂದು ಬಂದೂಕು ಹಿಡಿದು ದಿಬ್ಬದತ್ತ ನಡೆದ.

ಒಂಟಿಗಣ್ಣ ಕಾಗದ ಬಿಚ್ಚಿದ. ಬೆರಳುದ್ದದ ಉಕ್ಕಿನ ಚೂರು. ನಾಲ್ಕು ವರ್ಷದಲ್ಲಿ ಅವನು ಎಲ್ಲವನ್ನೂ ಯೋಚಿಸಿದ್ದ, ಒಂದನ್ನು ಮಾತ್ರ ಕೇಳಿರಲಿಲ್ಲ: ಆ ನಳಿಗೆ ನಾಲ್ಕರಲ್ಲಿ ಯಾರ ಕಿಟಕಿಯಿಂದ ಹೋದದ್ದು? ತನ್ನದಿರಬಹುದು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹೆಬ್ಬೆರಳಿನಿಂದ ತುಕ್ಕು ಒರೆಸಿದ. ಮುಚ್ಚಿದ ರೆಪ್ಪೆಯಂಥ ಕಮಾನು. ಮೂವತ್ತು ವರ್ಷ ಆ ಗುರುತು ಕಂಡರೆ ಸಾಕು, ಮೇಸ್ತ್ರಿ ಅವನ ಕಣ್ಣನ್ನು ನಂಬಿ ಮದ್ದು ಹಾಕದೆ ಠಸ್ಸೆ ಒತ್ತಿದ್ದ. ಒಂದು ಸಂಜೆ, ಇಳಿದ ಬೆಳಕಿನಲ್ಲಿ, ಕಡೆಯ ನಳಿಗೆಯೊಳಗೆ ಗೆರೆ ಕೂದಲೆಳೆಯಷ್ಟು ನಡುಗಿತ್ತು. ಕಿಟಕಿಯ ಹೊರಗೆ ಮಗಳು ಕರೆಯುತ್ತಿದ್ದಳು. ಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಬಿಡು ಎಂದುಕೊಂಡು ಎದ್ದಿದ್ದ. ದಿಬ್ಬದೆದುರು ಮೇಸ್ತ್ರಿ ಬಂದೂಕನ್ನು ಹೆಗಲಿಗೇರಿಸಿದ. “ಹೊಡೀಬ್ಯಾಡ್ರೀ!” ಎಂದು ಒಂಟಿಗಣ್ಣ ಕೂಗಿಕೊಂಡು ಓಡಿ, ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದ. “ಯಾಕಯ್ಯಾ, ಏನಾಗಿದೆ ಅದಕ್ಕೆ?” ಎಂದರು ಮ್ಯಾನೇಜರು. ಅಂಗಳವೆಲ್ಲ ಅವನನ್ನೇ ನೋಡುತ್ತಿತ್ತು, ಅವನು ನೋಡುತ್ತಿದ್ದದ್ದು ಹೆಂಡತಿಯ ಸೊಂಟದಲ್ಲಿದ್ದ ಬಟ್ಟೆಯನ್ನು. “ಅವಳು ಏನೂ ಮರೆತಿರ್ಲಿಲ್ಲ,” ಎಂದ. “ಆ ನಳಿಗೆ ನಂದು. ಇದೂ ನಂದೇ.”