ಶೇವಂತೆವ್ವ ಮತ್ತು ಚೆಕಿಂಗ್ ಸಾಹೇಬ

ಶೇವಂತೆವ್ವನ ದನಿ ಕೇಳುವ ಮೊದಲೇ ಚಂದಪ್ಪ ಅವಳ ಏಟು ತಿಂದ.

೧೯೭೬ರ ಫೆಬ್ರುವರಿ. ಹೊಲದಲ್ಲಿ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಆ ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಬಹಳ ಬಿಗಿ. ದೇವರ ಹಿಪ್ಪರಗಿಯ ಸಂತೆ ಮುಗಿಸಿ ಬಾಗೇವಾಡಿ ಕಡೆ ಹೊರಟಿದ್ದ ಬಸ್ಸನ್ನು ಚೆಕಿಂಗ್ ಇನ್ಸ್‌ಪೆಕ್ಟರ್ ಚಂದಪ್ಪ ರಸ್ತೆ ನಡುವೆ ಕೈ ಅಡ್ಡ ಮಾಡಿ ನಿಲ್ಲಿಸಿ, ಹಿಂದಿನ ಬಾಗಿಲಿನಿಂದ ಹತ್ತಿದ.

ಕಿಟಕಿ ಪಕ್ಕ ಒಬ್ಬ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ತೊಡೆಯ ಮೇಲೆ ಮಾರಾಟವಾಗದೆ ಉಳಿದ ಕರಿ ಕಂಬಳಿಗಳ ಗಂಟು. ಎರಡೂ ಕೈ ಗಂಟಿನೊಳಗೆ.

“ಟಿಕೆಟ್ ತೋರಸವಾ.”

ಹುಡುಗಿಯ ಕೈ ಗಂಟಿನೊಳಗೆ ಇನ್ನೂ ಆಳಕ್ಕೆ ಹೋದವು.

“ಕೈಯಾಗ ಏನೈತಿ? ತೆಗಿ, ನೋಡೂಣು.”

ಅವನು ಕಂಬಳಿಯ ಅಂಚು ಎತ್ತಲು ಬಾಗಿದ. ಮರುಕ್ಷಣ ಮೂಗಿನ ಮೇಲೆ ಸಿಡಿಲು ಬಿದ್ದಂತಾಯಿತು. ಅವಳ ಕೈಯಲ್ಲಿದ್ದದ್ದು ಮಗ್ಗದ ಲಾಳಿ, ಬಡಿಗೇರನ ಹತ್ತಿರ ರಿಪೇರಿಗೆ ಒಯ್ಯುತ್ತಿದ್ದ ಗಟ್ಟಿ ಕಟ್ಟಿಗೆ.

“ಮೈ ಮುಟ್ಟಾಕ ಬರ್ತಿಯೇನು?”

ಬಿಳಿ ಅಂಗಿಯ ಮೇಲೆ ರಕ್ತ ಹನಿಯಿತು. ಚಂದಪ್ಪ ತಲೆ ಎತ್ತಿದ. ಅವಳ ಕಣ್ಣಲ್ಲಿ ಸಿಟ್ಟು ಉರಿಯುತ್ತಿತ್ತು, ಸಿಟ್ಟಿನ ಹಿಂದೆ ನೀರು ನಿಂತಿತ್ತು. ಅಷ್ಟು ಹೊತ್ತಿನಲ್ಲೂ ಅವನಿಗೆ ಆ ಕಣ್ಣು ಚಂದ ಕಂಡಿತು.

ಸಾಹೇಬ ಈಗ ಕಪಾಳಕ್ಕೆ ಬಿಗಿಯುತ್ತಾನೆ ಎಂದು ಬಸ್ಸಿಗೆ ಬಸ್ಸೇ ಕಾಯಿತು. ಅವನು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

“ತಪ್ಪಾತು. ಗಂಟ ಮುಟ್ಟಬಾರದಿತ್ತು ನಾ. ಟಿಕೆಟ್ ಇಲ್ಲಂದ್ರ ಇಲ್ಲ ಅಂತ ಹೇಳವಾ.”

ಅವಳು ಕಂಡಕ್ಟರನ ಕಡೆ ನೋಡಿದಳು.

ಕಂಡಕ್ಟರ್ ಬೀರಣ್ಣ ಅವಳ ತಾಯಿಯ ತಮ್ಮ. ಮುಂದಿನ ತಿಂಗಳು ಅವಳಿಗೂ ಅವನಿಗೂ ಲಗ್ನ ಗೊತ್ತಾಗಿತ್ತು. ಬಸ್ ಹತ್ತಿದಾಗಲೇ ಅವಳಿಂದ ರೊಕ್ಕ ತೆಗೆದುಕೊಂಡು, “ಟಿಕೆಟ್ ಆಮ್ಯಾಲ ಕೊಡ್ತೇನಿ” ಅಂದಿದ್ದ. ಇನ್ನೂ ಹತ್ತು ಜನಕ್ಕೆ ಹಾಗೇ ಹೇಳಿದ್ದ. ಹರಿಯದ ಟಿಕೆಟಿನ ರೊಕ್ಕ ಅವನ ಜೇಬಿಗೆ ಹೋಗುತ್ತದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಆದರೂ ಮಾವನಾಗಿದ್ದವನು ಗಂಡನಾಗುವವನು. ತಾನೇ ಟಿಕೆಟ್ ತೆಗೆಸಿಲ್ಲ ಎಂದು ಹೇಳಿಬಿಡಲು ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಬೀರಣ್ಣನೇ ಮಾತಾಡಿದ.

“ಇಕಿ ದಿನಾ ಹಿಂಗರಿ ಸಾಹೇಬ್ರ. ಕದ್ದ ಕುಂಡ್ರತಾಳ. ಕಳ್ಳಿ!”

ಹೇಳಿದ್ದು ಸಾಲದೆಂಬಂತೆ ನುಗ್ಗಿ ಬಂದು ಅವಳ ಜಡೆ ಹಿಡಿದು ಎಬ್ಬಿಸಿ ಎರಡು ಸಲ ಕಪಾಳಕ್ಕೆ ಹೊಡೆದ. ಕಿವಿಯ ಬೆಂಡೋಲೆ ಕಿತ್ತು, ಕಿವಿ ಹರಿದು, ರಕ್ತ ಕೊರಳಿಗೆ ಇಳಿಯಿತು. ಮೂರನೆಯ ಏಟಿಗೆ ಎತ್ತಿದ ಕೈಯನ್ನು ಚಂದಪ್ಪ ಗಾಳಿಯಲ್ಲೇ ಹಿಡಿದ.

“ಬಿಡು ಆಕಿನ್ನ.”

ಶೇವಂತೆವ್ವ ಕಿವಿ ಮುಚ್ಚಿಕೊಂಡು ನೆಟ್ಟಗೆ ನಿಂತಳು.

“ನಾ ಕಳ್ಳಿ ಅಲ್ರಿ. ದೇವರ ಹಿಪ್ಪರಗ್ಯಾಗ ಹತ್ತಿದ ಕೂಡಲೇ ರೊಕ್ಕ ಕೊಟ್ಟೇನಿ. ಇವ ಟಿಕೆಟ್ ಹರದಿಲ್ಲ.”

ಬಳೆ ಮಾರುವ ರಹಿಮಾಬಿ ಹಿಂದಿನ ಸೀಟಿನಿಂದ ಎದ್ದಳು. “ನಾನೂ ಕೊಟ್ಟೇನಿ. ನನಗೂ ಕೊಟ್ಟಿಲ್ಲ.” ಆಮೇಲೆ ಇನ್ನಿಬ್ಬರು ಬಾಯಿ ಬಿಟ್ಟರು. ಚಂದಪ್ಪ ರಿಪೋರ್ಟ್ ಬರೆದ. ಕಾಗದದ ಮೂಲೆಗೆ ಅವನ ಮೂಗಿನ ರಕ್ತವೂ ಹತ್ತಿತು.

*

ಬಾಗೇವಾಡಿಯ ದಾರಿಯಲ್ಲೇ ಇರುವ ಹೂವಿನ ಹಿಪ್ಪರಗಿ ಶೇವಂತೆವ್ವನ ಊರು. ಮನೆಯಲ್ಲಿ ತಾಯಿ ಲಕ್ಕವ್ವ ಕೋಲು ಹಿಡಿದು ಕಾಯುತ್ತಿದ್ದಳು. ಸುದ್ದಿ ಮಗಳಿಗಿಂತ ಮೊದಲೇ ಊರು ಮುಟ್ಟಿತ್ತು.

“ನನ್ನ ತಮ್ಮನ ಅನ್ನ ಕಸಗೊಂಡಿ! ಯಾವ ಬಾಯಿಲೆ ಹೇಳಿದಿ? ಆ ಬಾಯಿ ತಾ ಇಲ್ಲಿ.”

ಕೋಲು ಮುರಿಯುವವರೆಗೆ ಹೊಡೆದಳು. ಹೊಡೆದು ಸುಸ್ತಾಗಿ ಕೂತು ಅತ್ತಳು. ಶೇವಂತೆವ್ವ ಅಳಲಿಲ್ಲ. ಅಪ್ಪ ಸತ್ತ ಮೇಲೆ, ಹೆಣ್ಣು ಮಗ್ಗಕ್ಕೆ ಕೂತಳು ಎಂದು ಊರು ನಕ್ಕಾಗಲೂ ಅವಳು ಅತ್ತಿರಲಿಲ್ಲ.

ಎರಡು ದಿನ ಕಳೆದು ಸಂಜೆ ಬೀರಣ್ಣ ಬಂದ. ಕೆಲಸದಿಂದ ತಾತ್ಕಾಲಿಕವಾಗಿ ಇಳಿಸಿದ್ದರು.

“ಇನ್ನ ಮೂರು ವಾರಕ್ಕ ಬಾಗೇವಾಡ್ಯಾಗ ವಿಚಾರಣಿ ಐತಿ. ಸುಳ್ಳ ಹೇಳಿದ್ದೆ ಅಂತ ಹೆಬ್ಬಟ್ಟ ಒತ್ತಿ ಬಾ. ನಾ ಲಗ್ನ ಆಗ್ತೇನಿ. ಇಲ್ಲಂದ್ರ ಕೈ ಮುರೀತೇನಿ.”

“ಲಗ್ನಾ ಬ್ಯಾಡ ಮಾವಾ,” ಅಂದಳು ಅವಳು.

ಬೀರಣ್ಣ ಒಲೆಯ ಮುಂದಿದ್ದ ಬಿಸಿನೀರಿನ ತಂಬಿಗೆಯನ್ನು ಅವಳ ಕಡೆ ಒದ್ದು ಹೋದ. ಮೊಣಕೈ ತನಕ ಬೊಬ್ಬೆ ಎದ್ದವು.

*

ಮುಂದಿನ ಸಂತೆಯ ದಿನ ಬಸ್ಸಿನಲ್ಲಿ ಮತ್ತೆ ಚಂದಪ್ಪ. ಮೂಗಿನ ಮೇಲೆ ಬಿಳಿ ಪಟ್ಟಿ.

“ಟಿಕೆಟ್ ತೋರಸ್ತಿಯೋ, ಮತ್ತ ಹೊಡೀತಿಯೋ?”

“ಲಾಳಿ ಬಡಿಗ್ಯಾರ ಮನ್ಯಾಗ ಐತ್ರಿ. ನಿಮ್ಮ ದೈವ ಚಲೋ ಐತಿ.”

ಅವನು ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬೇಕಾದದ್ದಕ್ಕಿಂತ ಬಹಳ ಹೊತ್ತು ನೋಡಿದ. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ತುಟಿಯ ತುದಿ ಮಾತ್ರ ಇವನ ಕಡೆಗೇ ಉಳಿಯಿತು.

“ಎಲ್ಲಿ ಇಳೀತಿ?”

“ಹೂವಿನ ಹಿಪ್ಪರಗಿ.”

“ಹೆಸರು?”

“ರಿಪೋರ್ಟಿನ್ಯಾಗ ಬರಕೊಂಡೀರಲ್ಲ.”

“ಖಾತ್ರಿ ಮಾಡ್ಕೋಬೇಕು.”

“ಶೇವಂತೆವ್ವ.”

“ಹೂವಿನ ಊರಾಗ ಶೇವಂತಿ,” ಅಂದ ಅವನು ಮೂಗು ಮುಟ್ಟಿಕೊಂಡು. “ಏಟು ಮಾತ್ರ ಕಬ್ಬಿಣದ್ದು.”

ಅವಳು ನಕ್ಕುಬಿಟ್ಟಳು. ನಗುವಾಗ ಸೆರಗು ಜಾರಿ ತೋಳು ಕಂಡಿತು. ಸುಟ್ಟ ಚರ್ಮ, ಅದರ ಮೇಲೆ ಕೋಲಿನ ಬಾಸುಂಡೆ. ಚಂದಪ್ಪನ ನಗು ಆರಿಹೋಯಿತು.

“ಯಾರ ಹೊಡದ್ರು?”

“ಯಾರ ಹೊಡದಿಲ್ಲ ಅಂತ ಕೇಳ್ರಿ.” ಸೆರಗು ಎಳೆದುಕೊಂಡಳು. “ನೀವ ಹೊಡದಿಲ್ಲ. ರಕ್ತ ಸುರದ್ರೂ ಹೊಡೀಲಿಲ್ಲ. ಯಾಕರಿ?”

ಅವನು ಟಿಕೆಟ್ ಮರಳಿ ಕೊಟ್ಟು ಮುಂದಿನ ಸೀಟಿಗೆ ಸರಿದ. ಅದರ ಮುಂದಿನ ವಾರ, ಹೂವಿನ ಹಿಪ್ಪರಗಿಯ ಬಸ್ ಸ್ಟ್ಯಾಂಡಿನ ಚಹದಂಗಡಿ ಎದುರು, ಅವಳ ಕಡೆ ನೋಡದೆ ಉತ್ತರ ಹೇಳಿದ.

“ಮೂರ ವರ್ಷದ ಹಿಂದ ಇಂಡಿ ಬಸ್ಸಿನಾಗ ಒಬ್ಬ ಮುದುಕ. ಟಿಕೆಟ್ ತೋರಸಾಕ ಆಗ್ಲಿಲ್ಲ ಅವಂಗ. ಕಳ್ಳಂತ ತಿಳದು ಹೊಡದೆ. ಮೊಮ್ಮಗಳ ಮುಂದನ ಹೊಡದೆ. ಬಿದ್ದಾಗ ತಲಿ ರುಮಾಲು ಬಿಚ್ಚಿತು. ಟಿಕೆಟ್ ಅದರ ಮಡಿಕ್ಯಾಗ ಇತ್ತು.”

“ಮುಂದ?”

“ಅಂವ ನನಗ ಕೈ ಮುಗದ. ಹೊಡಿಬ್ಯಾಡ್ರಿ, ಸಿಕ್ತು ಅಂದ. ಅವತ್ತಿನಿಂದ ಕೈ ಎತ್ತಿಲ್ಲ. ಆದ್ರ ಈ ಕೈಗೆ ಹೊಡೀಲಿಕ್ಕ ಬರ್ತೈತಿ ಶೇವಂತಿ. ಅದನ್ನ ಮುಚ್ಚಿಡಾಕ ಮನಸಿಲ್ಲ.”

ಅವಳು ಅವನ ಕೈಯನ್ನೇ ನೋಡಿದಳು. ದೊಡ್ಡ ಕೈ, ಬೆರಳಿಗೆ ಪೆನ್ನಿನ ಮಸಿ. ಅಂಜಿಕೆಯೂ ಆಯಿತು, ಆ ಕೈಯನ್ನು ಹಿಡಿಯಬೇಕೆಂಬ ಆಸೆಯೂ ಆಯಿತು. ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಎದ್ದು ಮನೆಗೆ ನಡೆದಳು.

*

ವಿಚಾರಣೆಯ ದಿನ ಶೇವಂತೆವ್ವ ಬೆಳಗಿನ ಬಸ್ಸಿನಲ್ಲಿ ಬಾಗೇವಾಡಿಗೆ ಹೊರಟಳು. ಜೊತೆಗೆ ಸಾಕ್ಷಿ ಹೇಳಲು ರಹಿಮಾಬಿ. ಚಂದಪ್ಪನೂ ಅದೇ ಬಸ್ಸಿನಲ್ಲಿ, ಮುಂದಿನ ಸೀಟಿನಲ್ಲಿ, ತಿರುಗಿ ನೋಡದೆ ಕೂತಿದ್ದ.

ಇಂಗಳೇಶ್ವರದ ತಿರುವಿನಲ್ಲಿ ಬಂಡಿಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಬಸ್ ನಿಂತ ಕೂಡಲೇ ಬೀರಣ್ಣ ಹತ್ತಿದ. ಹಿಂದೆ ಅವನ ಗೆಳೆಯ ಸಿದ್ದರಾಯ, ಕೈಯಲ್ಲಿ ಬಡಿಗೆ.

ಬೀರಣ್ಣ ಶೇವಂತೆವ್ವನ ಕೂದಲು ಹಿಡಿದು ಮೆಟ್ಟಿಲ ಮೇಲಿಂದ ಎಳೆದ. ಅವಳು ಅವನ ಮುಂಗೈ ಕಚ್ಚಿದಳು. ಬಾಯಿಗೆ ರಕ್ತದ ರುಚಿ ಬಂತು. ಆದರೂ ಅವನು ಬಿಡಲಿಲ್ಲ. ಡ್ರೈವರ್ ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತ. ಬಸ್ಸಿನ ಗಂಡಸರು ತಮ್ಮ ಕಾಲು ನೋಡಿಕೊಂಡರು.

ಚಂದಪ್ಪ ಇಳಿದು ಓಡಿ ಬಂದ. ಸಿದ್ದರಾಯನ ಬಡಿಗೆ ಅವನ ಎಡಗೈಗೆ ಬಿತ್ತು. ಎಲುಬು ಮುರಿದ ಸದ್ದು ಬಸ್ಸಿನೊಳಗೂ ಕೇಳಿತು. ಅವನು ಮೊಣಕಾಲೂರಿ ಬಿದ್ದ. ಬೆನ್ನ ಮೇಲೆ ಇನ್ನೂ ಎರಡು ಬಿದ್ದವು.

ಬೀರಣ್ಣ ಅವಳನ್ನು ರಸ್ತೆ ಬದಿಯ ಕಲ್ಲಿಗೆ ಒತ್ತಿದ. ಬಲಗೈ ಎಳೆದು ಕಲ್ಲಿನ ಮೇಲೆ ಚಾಚಿದ.

“ಹೆಬ್ಬಟ್ಟ ಒತ್ತೂ ಕೈ ಇದ ಅಲ್ಲೇನು?”

ಇನ್ನೊಂದು ಕಲ್ಲು ಎತ್ತಿ ಇಳಿಸಿದ. ಎರಡು ಬೆರಳು ಜಜ್ಜಿಹೋದವು. ಆಗ ಅವಳು ಕೂಗಿದಳು. ಹುಟ್ಟಿದಾಗಿನಿಂದ ನುಂಗಿಟ್ಟುಕೊಂಡ ಕೂಗು ಅದು.

ಚಂದಪ್ಪ ಹೇಗೆ ಎದ್ದ ಎಂಬುದು ಅವನಿಗೇ ನೆನಪಿಲ್ಲ. ಸಿದ್ದರಾಯನ ಹೊಟ್ಟೆಗೆ ತಲೆಯಿಂದ ಗುದ್ದಿ ಕೆಡವಿದ. ಬಡಿಗೆ ಬಿಟ್ಟು ಸಿದ್ದರಾಯ ಜೋಳದ ಹೊಲದೊಳಗೆ ಓಡಿದ. ಚಂದಪ್ಪ ಒಂದೇ ಕೈಯಲ್ಲಿ ಬೀರಣ್ಣನ ಕೊರಳ ಪಟ್ಟಿ ಹಿಡಿದು ನೆಲಕ್ಕೆ ಬಡಿದ, ಎದೆ ಮೇಲೆ ಕೂತು ಮುಖಕ್ಕೆ ಗುದ್ದಿದ, ಹಲ್ಲು ಉದುರಿದರೂ ಗುದ್ದಿದ. ಬೀರಣ್ಣ ಕೈ ಸೋತು ಮಲಗಿದ ಮೇಲೂ ನಿಲ್ಲಲಿಲ್ಲ. ರಕ್ತ ಹತ್ತಿದ ಆ ಕಲ್ಲನ್ನೇ ಎತ್ತಿಕೊಂಡು ಅವನ ತಲೆಯ ನೇರಕ್ಕೆ ಹಿಡಿದ.

“ಸಾಕ್ರಿ.”

ಶೇವಂತೆವ್ವ ಕೂಗಲಿಲ್ಲ. ಮಗುವನ್ನು ಎಬ್ಬಿಸಬಾರದೆಂಬಂತೆ ಮೆಲ್ಲಗೆ ಅಂದಳು.

ಕಲ್ಲು ಎತ್ತಿದಲ್ಲೇ ನಿಂತಿತು. ಚಂದಪ್ಪ ಕಲ್ಲನ್ನು ಪಕ್ಕಕ್ಕೆ ಬಿಟ್ಟು, ಬೀರಣ್ಣನ ಮೇಲಿಂದ ಎದ್ದು, ರಸ್ತೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮೊದಲು ಬಸ್ಸಿನಿಂದ ಇಳಿದವಳು ರಹಿಮಾಬಿ. ತನ್ನ ಸೀರೆಯ ಅಂಚು ಹರಿದು ಶೇವಂತೆವ್ವನ ಬೆರಳಿಗೆ ಸುತ್ತುತ್ತ, ಕಿಟಕಿಗಳ ಕಡೆ ಮುಖ ಎತ್ತಿ ಒದರಿದಳು.

“ಗಂಡಸ್ರು ಯಾರರ ಅದೀರೇನು ಒಳಗ? ಬಂಡಿ ಸರಸಾಕರ ಬರ್ರಿ!”

ಮಧ್ಯಾಹ್ನ ವಿಚಾರಣೆಯ ಕೋಣೆಯಲ್ಲಿ ಶೇವಂತೆವ್ವ ನಡೆದದ್ದೆಲ್ಲ ಹೇಳಿದಳು. ವಿಚಾರಣೆ ನಡೆಸುತ್ತಿದ್ದ ಸಾಹೇಬರು ಅವಳ ಬಲಗೈ ನೋಡಿ ಮಸಿಯ ಡಬ್ಬಿಯನ್ನು ಎಡಕ್ಕೆ ಸರಿಸಿದರು. ಅವಳು ಎಡಗೈ ಹೆಬ್ಬೆರಳು ಒತ್ತಿದಳು. ಬೀರಣ್ಣನ ನೌಕರಿ ಹೋಯಿತು. ಏಟು ತಿಂದು ಬಾಗೇವಾಡಿ ಆಸ್ಪತ್ರೆ ಸೇರಿದ್ದ ಅವನನ್ನು ಅಲ್ಲಿಂದ ಪೊಲೀಸರೇ ಕರೆದೊಯ್ದರು.

*

ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಚಂದಪ್ಪ ಮಲಗಿದ್ದ. ಎಡಗೈಗೆ ಪ್ಲಾಸ್ಟರ್. ಶೇವಂತೆವ್ವ ಮಂಚದ ಪಕ್ಕ ಕೂತಳು. ಅವಳ ಬಲಗೈಗೂ ಬ್ಯಾಂಡೇಜು. ಇಬ್ಬರಿಗೂ ಸೇರಿ ಎರಡೇ ಕೈ ಉಳಿದಿದ್ದವು.

“ನಿಮ್ಮನ್ನ ನೋಡಿ ಹೆದರಿಕಿ ಬಂತ್ರಿ ನನಗ,” ಅಂದಳು. “ಅವನಕಿಂತ ಹೆಚ್ಚ ಬಂತು.”

“ನನಗೂ ಬಂತು.”

“ಆದ್ರ ನಿಂತಿರಿ.”

“ನೀ ಅಂದಿ, ನಿಂತೆ.”

ಅವಳು ಎಡಗೈಯಿಂದ ಅವನ ಹೊದಿಕೆ ಸರಿಮಾಡಿದಳು. “ನಮ್ಮನ್ಯಾಗ ನನ್ನ ಮಾತಿಗೆ ಯಾರ ಕೈನೂ ನಿಂತಿಲ್ರಿ ಇಲ್ಲೀತನ.”

“ಶೇವಂತಿ, ನನ್ನ ಕೂಡ ಬರ್ತಿಯೇನು? ಮುದ್ದೇಬಿಹಾಳದಾಗ ಒಂದ ಖೋಲಿ ಐತಿ. ಮಗ್ಗಕ್ಕ ಜಾಗಾ ಮಾಡ್ತೇನಿ.”

“ಬರ್ತೇನಿ,” ಅಂದಳು. “ಆದ್ರ ಒಂದ ಸಲ ಕೈ ಎತ್ತಿದ್ರೂ ಅವತ್ತ ಎದ್ದ ಹೋಗ್ತೇನಿ. ತಿರುಗಿ ನೋಡೂದಿಲ್ಲ.”

“ನೋಡಬ್ಯಾಡ,” ಅಂದ ಅವನು. ಅವಳ ಎಡಗೈ ಅವನ ಬಲಗೈಯೊಳಗೆ ಹೋಗಿ ಕೂತಿತು. ನರ್ಸ್ ಬಂದು ಕೆಮ್ಮಿದರೂ ಹೊರಗೆ ಬರಲಿಲ್ಲ.

ಬೇಸಿಗೆ ಕಳೆದ ಮೇಲೆ ಲಗ್ನವಾಯಿತು. ಲಕ್ಕವ್ವ ಬರಲಿಲ್ಲ.

ಶ್ರಾವಣದ ಒಂದು ಮುಂಜಾನೆ ಶೇವಂತೆವ್ವ ಯಾರಿಗೂ ಹೇಳದೆ ತಾಯಿಯನ್ನು ನೋಡಲು ಹೂವಿನ ಹಿಪ್ಪರಗಿಗೆ ಹೋಗಿ ಸಂಜೆಗೆ ಮರಳಿದಳು. ಬೀರಣ್ಣ ಜಾಮೀನಿನ ಮೇಲೆ ಊರಲ್ಲೇ ಇದ್ದ. ಮುದ್ದೇಬಿಹಾಳದ ಖೋಲಿಯ ಬಾಗಿಲಲ್ಲಿ ಚಂದಪ್ಪ ಬೆಳಗಿನಿಂದ ಉಣ್ಣದೆ ನಿಂತಿದ್ದ.

“ಎಲ್ಲಿ ಹೋಗಿದ್ದಿ? ಅಂವ ಕೊಂದ ಹಾಕಿದ್ರ ಏನ ಮಾಡ್ಬೇಕಿತ್ತು ನಾ?”

ಅವನ ದನಿಗೆ ಗೋಡೆ ಅದುರಿತು. ಅವಳ ಮೈ ತಾನಾಗಿಯೇ ಕುಗ್ಗಿತು. ಹೆಗಲು ಕಿವಿಗೆ ಏರಿದವು, ಕಣ್ಣು ಮುಚ್ಚಿದವು. ಅವಳು ಕಾದಳು.

ಏನೂ ಬೀಳಲಿಲ್ಲ.

ಕಣ್ಣು ತೆರೆದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದು ನೆಲದ ಮೇಲೆ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

“ಯಾಕ ಕಣ್ಣ ಮುಚ್ಚಿದಿ?”

“ರೂಢಿರಿ.”

“ನಾ ಒದರಬಾರದಿತ್ತು.”

ಅವಳು ಅವನೆದುರು ಕೂತಳು. ತುಟಿಯ ತುದಿಯಲ್ಲಿ ನಗು ಬರತೊಡಗಿತ್ತು.

“ಒದರ್ರಿ. ನಾನೂ ಒದರ್ತೇನಿ. ನನ್ನ ಪಾಳಿ ಇನ್ನೂ ಬಂದ ಇಲ್ಲ. ಮುಂಜಾನಿಂದ ಯಾಕ ಉಂಡಿಲ್ಲ? ನಾ ಇಲ್ಲಂದ್ರ ಒಲಿ ಹಚ್ಚಬಾರದೇನು? ನಮ್ಮವ್ವನ್ನ ನೋಡಾಕ ನಿಮ್ಮನ್ನ ಕೇಳಬೇಕೇನು?”

ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕಿದರು. ಶೇವಂತೆವ್ವ ಅವರ ಮುಂದೆಯೇ, ಕಣ್ಣು ಅಗಲವಾಗಿ ತೆರೆದುಕೊಂಡು, ಮನದಣಿಯೆ ಗಂಡನ ಜೊತೆ ಜಗಳ ಆಡಿದಳು.