ಅಮಾವಾಸ್ಯೆಯ ದಿನ ಹೊಕ್ಕ ಕಣ್ಣು

"ಏಯ್, ಕೈ ತಗೀಪ್ಪಾ! ಒಂಬತ್ನೇ ಕ್ಲಾಸ್ ಬಿಟ್ಟೋರು ತುಳಿಯಕ್ಕೆ ಇದೇನ್ ಮಗ್ಗ ಅಲ್ಲ, ಕಂಪ್ಯೂಟರು!"

ಹೇಮಂತ ಹಾಗಂದಿದ್ದೇ ತಡ, ಸೀರೆ ವ್ಯಾಪಾರಿ ರಾಮಲಿಂಗಯ್ಯನವರು ಹೊಟ್ಟೆ ಕುಲುಕಿಸಿ ನಕ್ಕರು. ನೂಲು ಸುತ್ತುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಇಂಚರಳೂ ನಕ್ಕಳು.

ಪರಮೇಶನ ಮೈಗೆ ಬೆಂಕಿ ಬಿದ್ದದ್ದು ಅದೊಂದಕ್ಕೇ!

ಅವನು ಪರದೆ ಮುಟ್ಟಿದ್ದು ತಪ್ಪು ತೋರಿಸಲು. ಇಂಚರ ಬಿಡಿಸಿದ್ದ ಹುಣಸೆ ಎಲೆಯ ಅಂಚನ್ನು ಹಾಗೇ ನೇಯ್ದರೆ ಜರಿಯ ಎಳೆ ಸೀರೆಯ ಹಿಂಬದಿಯಲ್ಲಿ ಹಿಡಿತವಿಲ್ಲದೆ ಉದ್ದಕ್ಕೆ ತೇಲುತ್ತದೆ. ಉಟ್ಟವಳ ಬಳೆಗೆ ಸಿಕ್ಕಿ ಹರಿಯುತ್ತದೆ. ಹನ್ನೆರಡು ವರ್ಷ ಮಗ್ಗದಲ್ಲಿ ಕೂತವನಿಗೆ ಅದು ನೋಡಿದೊಡನೆ ಗೊತ್ತಾಗಿತ್ತು. ಹೇಳಲು ಬಿಟ್ಟರಲ್ಲವೇ?

ಇಂಚರ ಅವನ ಸೋದರತ್ತೆ ಸರಸ್ವತಮ್ಮನ ಮಗಳು. ಕೊಳ್ಳೇಗಾಲದ ಆ ಬೀದಿಯಲ್ಲಿ ಅವಳು ಅವನವಳೆಂದು ಎಲ್ಲರಿಗೂ ಗೊತ್ತು. ಶ್ರಾವಣದಲ್ಲಿ ವೀಳ್ಯ ಬದಲಾಯಿಸುವುದೂ ನಿಶ್ಚಯವಾಗಿತ್ತು. ಆದರೆ ಅವಳು ಕಾಲೇಜು ಓದಿ, ಮನೆಯಲ್ಲೇ ಕಂಪ್ಯೂಟರ್ ಇಟ್ಟು ಸೀರೆಗೆ ಡಿಸೈನ್ ಮಾಡತೊಡಗಿದ ಮೇಲೆ, ಯಳಂದೂರಿನಿಂದ ಈ ಹೇಮಂತ ರಿಪೇರಿಗೆಂದು ವಾರಕ್ಕೆರಡು ಸಲ ಬರುತ್ತಿದ್ದ. ಇಸ್ತ್ರಿ ಶರ್ಟು. ಸೆಂಟಿನ ವಾಸನೆ. ಬಾಯಿ ತೆಗೆದರೆ ಇಂಗ್ಲಿಷ್!

'ಅಷ್ಟೊಂದು ಕೆಡೋಕೆ ಅದೇನು ಮಿಷನ್ನೋ, ನೆವಾನೋ...'

ಮರುದಿನ ಪರಮೇಶ ಬಸ್ಸು ಹತ್ತಿ ಹನೂರಿಗೆ ಹೋದ. ಗೆಳೆಯ ನಾಗರಾಜುವಿನ ಮೊಬೈಲ್ ಅಂಗಡಿಗೆ.

"ಲೇ ನಾಗ, ಅವ್ಳು ಆ ಯಳಂದೂರಿನೋನ ಜೊತೆ ಏನ್ ಮಾತಾಡ್ತಾಳೆ ಅಂತ ನಂಗೊತ್ತಾಗ್ಬೇಕು ಕಣ್ಲಾ."

"ಅವ್ಳನ್ನೇ ಕೇಳ್ಲಾ!"

"ಕೇಳುದ್ರೆ ಏಳ್ತಾಳಾ?"

"ಈ ಮೂತಿ ಒತ್ಕಂಡು ಓದ್ರೆ ಯಾರೂ ಏಳಲ್ಲ ಬುಡು." ನಾಗರಾಜು ಒಂದು ಪೆನ್‌ಡ್ರೈವ್ ಕೊಟ್ಟ. "ಇದ್ರಲ್ಲಿರೋದ್ನ ಅವಳ ಕಂಪ್ಯೂಟರ್ಗೆ ಆಕು. ಅವಳು ನೋಡೋದೆಲ್ಲಾ ಫೋಟೋ ಆಗಿ ನಿನ್ ಫೋನ್ಗೆ ಬೀಳ್ತದೆ. ನನ್ ಎಸ್ರು ಮಾತ್ರ ಏಳ್ಬ್ಯಾಡ!"

ಭೀಮನ ಅಮಾವಾಸ್ಯೆ ಬಂತು. ಅಂದು ಬೀದಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ತಾಯಿ ಮಗಳು ಮಾದಪ್ಪನ ಬೆಟ್ಟಕ್ಕೆ ಹೊರಟರು.

"ಬಾವ, ನೀನೂ ಬಾ..."

"ಸೊಂಟ ನೋವು. ನೀವ್ ಓಗ್ಬನ್ನಿ."

ಸರಸ್ವತಮ್ಮ ಮನೆಯ ಬೀಗದ ಕೈಯನ್ನು ಅವನ ಕೈಗೇ ಕೊಟ್ಟು ಹೋದರು. ಅವರ ಬಸ್ಸು ಹೊರಟ ಮೇಲೆ ಅವನು ಬೀಗ ತೆಗೆದು, ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿದ.

ಮೊದಲ ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. 'ಡಿಸೈನ್ ಸೂಪರ್!' ಎಂದು ಹೇಮಂತ. 'ಥ್ಯಾಂಕ್ಸ್' ಎಂದು ಅವಳು. ಆ ಒಂದು ಥ್ಯಾಂಕ್ಸನ್ನು ಪರಮೇಶ ನಲವತ್ತು ಸಲ ಓದಿದ.

ನಾಲ್ಕನೇ ದಿನ, ಅವಳು ಗೆಳತಿ ಶ್ವೇತಾಳಿಗೆ ಬರೆದದ್ದು ಫೋನಿಗೆ ಬಂತು.

'ಹೇಮಂತ್ ಕೇಳ್ದ ಕಣೇ. ಆಗಲ್ಲ ಅಂದೆ. ನಂಗೆ ನಮ್ ಬಾವನೇ. ಅವತ್ತು ಅವನ ಮುಂದೆ ನಕ್ಬಿಟ್ಟೆ, ಅದೇ ಚುಚ್ತಾ ಇದೆ...'

ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಲ್ಲೇ ಪರಮೇಶ ಅತ್ತ. ಇನ್ನೇನು, ಅವಳ ಕಂಪ್ಯೂಟರಿಗೆ ತುಂಬಿದ್ದನ್ನು ಕಿತ್ತು ಹಾಕಬೇಕಿತ್ತು.

ಹಾಕಲಿಲ್ಲ! ಆಗಲ್ಲ ಅಂದಳು ಸರಿ, ಆ ಹೇಮಂತ ಸುಮ್ಮನಾದನೇ? ಇವಳ ಮನಸ್ಸು ತಿರುಗಿದರೆ? 'ನಾಳೆ ಒಂದಿನ ನೋಡ್ಬುಡವಾ' ಎಂದು ನೋಡಿದ. ನಾಡಿದ್ದೂ ನೋಡಿದ.

ಹದಿನೇಳನೇ ದಿನ ರಾಮಲಿಂಗಯ್ಯನವರು ಕೆಂಡದಂತಾಗಿ ಬಂದರು.

"ಏನಮ್ಮಾ ಇಂಚರ! ಇನ್ನೂ ಮಗ್ಗಕ್ಕೇ ಏರಿಲ್ಲ ಅಂದೆ. ನಿನ್ ಹುಣಸೆ ಎಲೆ ಅಂಚಿನ ಸೀರೆ ಬೇರೆಯೋರ ಅಂಗ್ಡೀಲಿ ನೇತಾಡ್ತಾ ಅದೆ!"

ಇಂಚರಳ ಮುಖ ಬಿಳಿಚಿಕೊಂಡಿತು. ಈಚೆಗೆ ಕಂಪ್ಯೂಟರ್ ತೆವಳುತ್ತಿತ್ತು, ಮಧ್ಯಾಹ್ನಕ್ಕೇ ನೆಟ್ಟು ಖಾಲಿ. ಹೇಮಂತನನ್ನು ಕರೆಸಿದರು. ಪರಮೇಶನೂ ಬಂದು ನಿಂತ.

"ನಿನ್ನ ಬುಟ್ರೆ ಈ ಪೆಟ್ಗೆನ ಇನ್ಯಾರಪ್ಪಾ ಮುಟ್ಟವ್ರೆ?" ಸರಸ್ವತಮ್ಮ ಕೇಳಿಯೇಬಿಟ್ಟರು.

"ಇವ್ನೇ ಕಣತ್ತೆ!" ಪರಮೇಶನ ಬಾಯಿಂದ ಬಂದೇಹೋಯಿತು. "ಇವ್ನೇ ಕದ್ದು ಮಾರವ್ನೆ!"

ಹೇಮಂತ ಕಂಪ್ಯೂಟರಿನ ಮುಂದೆ ಕೂತ. ನೆಟ್ಟಿನ ವೈರು ಕಿತ್ತ. ತಾನೇ ಶುರುವಾಗುವ ಪ್ರೋಗ್ರಾಮ್‌ಗಳನ್ನು ಒಂದೊಂದಾಗಿ ನೋಡುತ್ತ ಬಂದು, ಒಂದರ ಮೇಲೆ ಬೆರಳಿಟ್ಟ.

"ಇದು ಗೂಢಚಾರ. ಇವ್ರು ನೋಡಿದ್ದನ್ನೆಲ್ಲ ಹೊರಗೆ ಕಳಿಸ್ತಾ ಇದೆ. ಹಾಕಿದೋನಿಗೆ ಮಾತ್ರ ಅಲ್ಲ, ಇನ್ನೂ ಎರಡು ಕಡೆಗೆ. ಇಂಥದ್ನ ಮಾಡಿದೋರು ತಾವೂ ಕದ್ದು ಮಾರ್ಕೊಳ್ತಾರೆ, ಹಾಕಿದೋನಿಗೇ ಗೊತ್ತಿರಲ್ಲ."

ಪರಮೇಶ ಪರದೆಯತ್ತ ಬಗ್ಗಿದ. 'ಇನ್ನೂ ಎರಡು ಕಡೆಗಾ...?'

"ಯಾವತ್ತು ಹಾಕಿದ್ದು?" ಇಂಚರ ಕೇಳಿದಳು.

"ಇಪ್ಪತ್ನಾಲ್ಕು, ಗುರುವಾರ. ಬೆಳಿಗ್ಗೆ ಹನ್ನೊಂದೂ ಇಪ್ಪತ್ತು."

"ಭೀಮನ ಅಮಾವಾಸ್ಯೆ..." ಎಂದರು ಸರಸ್ವತಮ್ಮ. ಅವರ ಕಣ್ಣು ಪರಮೇಶನ ಕಡೆ ತಿರುಗಿತು.

ಹೇಮಂತ ಒಂದು ಕೊಂಕೂ ಆಡಲಿಲ್ಲ. ಡಿಸೈನ್‌ಗಳನ್ನಷ್ಟೇ ಬೇರೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ಅಳಿಸಿ, ಹೊಸದಾಗಿ ತುಂಬಿದ. "ಪಾಸ್‌ವರ್ಡ್ ಎಲ್ಲಾ ಇನ್ನೊಂದು ಫೋನಿಂದ ಬದಲಾಯಿಸ್ಕೊಳ್ಳಿ" ಎಂದವನೇ ಹೊರಟ. ರಾಮಲಿಂಗಯ್ಯನವರೂ ಎದ್ದರು. ಸರಸ್ವತಮ್ಮ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

"ಅವತ್ತು ಬೆಟ್ಟಕ್ಕೆ ಯಾರಿಗೋಸ್ಕರ ಹೋಗಿದ್ದೆ ಗೊತ್ತಾ ಬಾವ?" ಇಂಚರ ಕೇಳಿದಳು.

"ಇಂಚರಾ... ತಪ್ಪಾಯ್ತು ಕಣವ್ವ. ಡಿಸೈನ್ ಓಯ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ. ಮಾದಪ್ಪನಾಣೆ!"

"ಡಿಸೈನ್ ಹೋಗ್ಲಿ, ಇನ್ನೊಂದ್ ಬಿಡಿಸ್ತೀನಿ." ಅವಳ ದನಿ ಮೆತ್ತಗಿತ್ತು. ಬೈದಿದ್ದರೆ ವಾಸಿಯಿತ್ತು! "ಶ್ವೇತಂಗೆ ಬರೆದಿದ್ದು ಓದಿದ್ಯಾ?"

ಅವನು ತಲೆಯಾಡಿಸಿದ.

"ನಾನ್ ನಿನ್ನೇ ಇಷ್ಟಪಟ್ಟಿರೋದು ಅಂತ ಗೊತ್ತಾಯ್ತಾ?"

"ಊಂ... ನಂಗೂ ನೀನಂದ್ರೆ ಜೀವ ಕಣೇ. ಅದ್ಕೇ..."

"ನಂಗೊತ್ತು." ಅವನ ಅಂಗಿಗೆ ಅಂಟಿದ್ದ ಜರಿಯ ಎಳೆಯೊಂದನ್ನು ಅವಳು ಮೆಲ್ಲಗೆ ಬಿಡಿಸಿದಳು. ಕಣ್ಣು ತುಂಬಿತ್ತು. "ಅದು ಬರೆದಿದ್ದು ನಾಲ್ಕನೇ ದಿನ. ಇವತ್ತಿಗೆ ಹದಿನೇಳು. ನನ್ ಮನಸ್ಸು ಗೊತ್ತಾದ ಮೇಲೂ ಹದಿಮೂರು ದಿನ ಏನ್ ಹುಡುಕ್ತಿದ್ದೆ ಬಾವ?"

ನಿಜ ಏನೆಂದು ಪರಮೇಶನಿಗೆ ಗೊತ್ತಿತ್ತು. ಅವಳು ತನ್ನವಳೇ ಎಂದು ಓದಿದ ಮೇಲೂ, ಅವಳ ಆ ಮಾತು ಸುಳ್ಳಾಗುವ ದಿನಕ್ಕಾಗಿ ಕಾದಿದ್ದ.

"ಹೇಳು. ಏನಂದ್ರೂ ಕೇಳ್ತೀನಿ. ಹೇಳು ಬಾವ..."

ಅವನು ಚಪ್ಪಲಿ ಮೆಟ್ಟಿಕೊಂಡ. ತಿರುಗಿ ನೋಡದೆ, ಬೀದಿಗಿಳಿದು ಹೊರಟುಹೋದ.